ಯೇಸುವಿನ ಧಾರಾವಾಹಿ ನೋಡಬಹುದೇ? ನೋಡಿದ ಮೇಲೆ ಏನು?



ಕಳೆದ ತಪಸ್ಸುಕಾಲದ ಒಂದು ಭಾನುವಾರ. ಬಲಿಪೂಜೆ ಮುಗಿದ ಮೇಲೆ ದೃಢೀಕರಣ ಸಂಸ್ಕಾರಕ್ಕೆ ತಯಾರಾಗುತ್ತಿರುವ ಮಕ್ಕಳಿಗೆ ಧರ್ಮೋಪದೇಶ ತರಗತಿ ತೆಗೆದುಕೊಳ್ಳುತ್ತಿದ್ದೆ. ಅಂದಿನ ಪಾಠ ಲಾಸರನದು. ಸತ್ತು ನಾಲ್ಕು ದಿನವಾದವನನ್ನು ಯೇಸುಸ್ವಾಮಿ ಸಮಾಧಿಯಿಂದ ಹೊರಗೆ ಕರೆದ ಕಥೆ ಹೇಳಿ ಮುಗಿಸಿದ್ದೆ, ಅಷ್ಟೆ. ಹಿಂದಿನ ಸಾಲಿನ ಹುಡುಗನೊಬ್ಬ ಕೈ ಎತ್ತಿದ.

"ಅಣ್ಣಾ, ಲಾಸರನ್ನ ಎಬ್ಬಿಸಿದ ಯೇಸುಸ್ವಾಮಿ ರಾಮಾನ್ನ ಯಾಕ ಎಬ್ಬಿಸಲಿಲ್ಲ?"

ಒಂದು ಕ್ಷಣ ಇವನು ರಾಮಾಯಣದ ಬಗ್ಗೆ ಕೇಳುತ್ತಿದ್ದಾನೇನೋ ಅಂದುಕೊಂಡೆ. ಆಮೇಲೆ ಪಕ್ಕದ ಹುಡುಗಿ ಬಿಡಿಸಿ ಹೇಳಿದಳು. "ತೋಮನ ಜೊತಿ ಮದುವಿ ಆಗಬೇಕಾಗಿದ್ದ ಹುಡುಗಿ ಅಣ್ಣಾ. ಸೈನಿಕರ ಅಧಿಕಾರಿ ಕತ್ತಿಲಿ ತಿವಿದು ಸಾಯಿಸ್ತಾನಲ್ಲ, ಆಕಿ." ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ತಲೆಯಾಡಿಸಿದರು. ಎಲ್ಲರಿಗೂ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ! "ಮುಂದಿನ ವಾರ ಹೇಳ್ತೀನಿ" ಎಂದು ಜಾರಿಕೊಂಡೆ.

ಮನೆಗೆ ಬಂದು ಹುಡುಕಿದಾಗ ತಿಳಿಯಿತು. ಅದು 'ದಿ ಚೋಸನ್' ಧಾರಾವಾಹಿಯ ನಾಲ್ಕನೇ ಸೀಸನ್‌ನಲ್ಲಿ ಬರುವ ಘಟನೆ. ರಾಮಾ ಎಂಬ ಹುಡುಗಿ ಶ್ರೀಗ್ರಂಥದಲ್ಲಿ ಎಲ್ಲೂ ಇಲ್ಲ. ಮತ್ತಾಯ, ಮಾರ್ಕ, ಲೂಕ, ಯೊವಾನ್ನ ಈ ನಾಲ್ವರಲ್ಲಿ ಯಾರೂ ತೋಮನಿಗೆ ಮದುವೆ ಗೊತ್ತಾಗಿತ್ತು ಎಂದು ಬರೆದಿಲ್ಲ. ಕಥೆಗಾರರು ಕಟ್ಟಿದ ಪಾತ್ರ ಅದು.

ಅಂದಿನಿಂದ ಈ ಪ್ರಶ್ನೆ ನನ್ನ ತಲೆಯಲ್ಲಿದೆ. ಕೆಲವು ತಾಯಂದಿರೂ ಕೇಳಿದ್ದಾರೆ: "ತಮ್ಮಾ, ನಮ್ಮ ಹುಡುಗರು ಅದನ್ನ ನೋಡಬಹುದಾ? ಕಥೋಲಿಕರದಲ್ಲಂತಲ್ಲ?" ನನಗೆ ತೋಚಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ದೈವಶಾಸ್ತ್ರ ಓದಿದವನಲ್ಲ, ಬಿಎಸ್ಸಿ ಮಾಡಿದವನು. ತಪ್ಪಿದ್ದರೆ ಫಾದರ್ ತಿದ್ದುತ್ತಾರೆ.

ಮೊದಲು, ಇದು ಯಾರ ಧಾರಾವಾಹಿ?

ಅಮೆರಿಕದ ಡಲ್ಲಾಸ್ ಜೆಂಕಿನ್ಸ್ ಎಂಬುವರು ಇದನ್ನು ಮಾಡುತ್ತಿದ್ದಾರೆ. ಅವರು ಇವ್ಯಾಂಜೆಲಿಕಲ್ ಪಂಗಡದವರು, ಕಥೋಲಿಕರಲ್ಲ. ಮೊದಲ ಸೀಸನ್ 2019ರಲ್ಲಿ ಬಂತು. ಅದಕ್ಕೆ ದೊಡ್ಡ ಕಂಪನಿ ದುಡ್ಡು ಹಾಕಲಿಲ್ಲ. ಸಾವಿರಾರು ಸಾಮಾನ್ಯ ಜನ ಸೇರಿ 1 ಕೋಟಿ ಡಾಲರಿಗೂ ಹೆಚ್ಚು ಹಣ ಕೂಡಿಸಿದರು. ಯೇಸುವಿನ ಪಾತ್ರ ಮಾಡುವ ಜೊನಾಥನ್ ರೂಮಿ ಕಥೋಲಿಕರು. ಅವರು 2021ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಭೇಟಿಯಾಗಿದ್ದರು. ಚಿತ್ರಕಥೆ ನೋಡಿ ಸಲಹೆ ಕೊಡುವವರಲ್ಲಿ ಫಾದರ್ ಡೇವಿಡ್ ಗಫಿ ಎಂಬ ಕಥೋಲಿಕ ಗುರು, ಒಬ್ಬ ಮೆಸ್ಸಿಯಾನಿಕ್ ಯೆಹೂದ್ಯ ರಬ್ಬಿ, ಒಬ್ಬ ಇವ್ಯಾಂಜೆಲಿಕಲ್ ಪ್ರಾಧ್ಯಾಪಕರು ಇದ್ದಾರೆ. ಆ್ಯಪ್‌ನಲ್ಲಿ ಪುಕ್ಕಟೆ ಸಿಗುತ್ತದೆ, ತೆಲುಗಿನಲ್ಲೂ ಇದೆ. ನಾರಾಯಣಪೇಟೆ, ಮಕ್ತಲ್ ಕಡೆಯ ಮನೆಗಳಿಗೆ ಬಂದದ್ದು ಹೀಗೆ.

"ಕಥೋಲಿಕರು ಮಾಡಿಲ್ಲ, ಆದ್ದರಿಂದ ನೋಡಬಾರದು" ಎಂಬ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ನಮ್ಮ ಹಳೆಯ ಮೆಹಬೂಬನಗರ ಜಿಲ್ಲೆಯಲ್ಲಿ ಎಂ.ಬಿ. ಚರ್ಚಿನವರು ಬಹಳ. ನಮ್ಮಲ್ಲಿ ಎಷ್ಟೋ ಜನರ ಬೀಗರು, ಸೋದರಮಾವಂದಿರು ಅಲ್ಲಿಯವರೇ. ಅವರ ಮನೆಗೆ ಕ್ರಿಸ್ಮಸ್ ಊಟಕ್ಕೆ ಹೋಗಿ ಅವರ ಬಾಯಿಂದ ಯೇಸುವಿನ ಕಥೆ ಕೇಳಿದರೆ ನಮ್ಮ ವಿಶ್ವಾಸ ಕರಗಿಹೋಗುತ್ತದೆಯೇ? ಯಾರು ಹೇಳಿದರು ಎಂಬುದನ್ನು ತಿಳಿದುಕೊಂಡಿರಬೇಕು. ಏನು ಹೇಳಿದರು ಎಂಬುದನ್ನು ಅದಕ್ಕಿಂತ ಹೆಚ್ಚು ಗಮನಿಸಬೇಕು.

ಕಥೆ ಬೆಳೆಸುವುದು ನಮಗೆ ಹೊಸದೇನಲ್ಲ

"ಶ್ರೀಗ್ರಂಥದಲ್ಲಿ ಇಲ್ಲದ್ದನ್ನು ಸೇರಿಸುವುದೇ ಪಾಪ" ಎನ್ನುವವರೂ ಇದ್ದಾರೆ. ಅವರಿಗೆ ನನ್ನದೊಂದು ಪ್ರಶ್ನೆ. ತಪಸ್ಸುಕಾಲದ ಪ್ರತಿ ಶುಕ್ರವಾರ ನಾವು ಶಿಲುಬೆಯ ಹಾದಿ ಮಾಡುತ್ತೇವೆ. ಆರನೆಯ ಸ್ಥಳದಲ್ಲಿ ವೆರೋನಿಕ ಯೇಸುವಿನ ಮುಖ ಒರೆಸುತ್ತಾಳೆ. ಆಕೆ ಯಾವ ಶುಭಸಂದೇಶದಲ್ಲಿದ್ದಾಳೆ? ಯಾವುದರಲ್ಲೂ ಇಲ್ಲ. ಯೇಸು ಮೂರು ಸಲ ಬಿದ್ದದ್ದೂ ಶುಭಸಂದೇಶದಲ್ಲಿ ಇಲ್ಲ. ಸಂತ ಎರಡನೇ ಜಾನ್ ಪೌಲರು 1991ರ ಶುಭ ಶುಕ್ರವಾರದಂದು ರೋಮಿನ ಕೊಲೊಸಿಯಂನಲ್ಲಿ ಶುಭಸಂದೇಶದ ಘಟನೆಗಳನ್ನು ಮಾತ್ರ ಇಟ್ಟುಕೊಂಡು ಶಿಲುಬೆಯ ಹಾದಿ ನಡೆಸಿದರು. ಹಾಗೆಂದು ಹಳೆಯದನ್ನು ಅಳಿಸಿಹಾಕಲಿಲ್ಲ. ಎರಡೂ ನಮ್ಮ ಬಳಿ ಇವೆ.

ಸಂತ ಇಗ್ನಾಸಿಯವರ ಆಧ್ಯಾತ್ಮಿಕ ಸಾಧನೆಗಳ ಪುಸ್ತಕಕ್ಕೆ 1548ರಲ್ಲಿ ಪೋಪರ ಒಪ್ಪಿಗೆ ಸಿಕ್ಕಿತು. ಅದರಲ್ಲಿ ಅವರು ಕಲಿಸುವುದೇ ಇದನ್ನು: ಕಣ್ಣು ಮುಚ್ಚಿ ಆ ಊರು, ಆ ದಾರಿ, ಆ ಮನೆ, ಆ ಜನರ ಮಾತು ಎಲ್ಲವನ್ನೂ ಮನಸ್ಸಿನಲ್ಲಿ ಕಾಣು, ನೀನೂ ಅಲ್ಲಿ ಒಂದು ಮೂಲೆಯಲ್ಲಿ ನಿಲ್ಲು. ಪುನರುತ್ಥಾನವಾದ ಯೇಸು ಮೊದಲು ತಮ್ಮ ತಾಯಿಗೆ ಕಾಣಿಸಿಕೊಂಡರು ಎಂದು ಅವರು ಬರೆಯುತ್ತಾರೆ. ಇದು ಶ್ರೀಗ್ರಂಥದಲ್ಲಿ ಹೇಳಿಲ್ಲ ಎಂಬುದನ್ನೂ ಜೊತೆಗೇ ಹೇಳುತ್ತಾರೆ. ಈ ಎರಡನೆಯ ಮಾತು ಮುಖ್ಯ. ಕಲ್ಪಿಸಿಕೊಂಡರು, ಶ್ರೀಗ್ರಂಥದಲ್ಲಿ ಬರೆದಿಲ್ಲ ಎಂದೂ ಹೇಳಿದರು.

ನಮ್ಮ ಹಿರಿಯರಿಗೂ ಇದು ಹೊಸದಲ್ಲ. 1978ರಲ್ಲಿ 'ಕರುಣಾಮಯುಡು' ಎಂಬ ತೆಲುಗು ಸಿನಿಮಾ ಬಂತು. ಎ. ಭೀಮ್‌ಸಿಂಗ್ ನಿರ್ದೇಶನ, ವಿಜಯಚಂದರ್ ಯೇಸುವಿನ ಪಾತ್ರ. ಫ್ರಾನ್ಸಿಸ್ಕನ್ ಗುರು ಫಾದರ್ ಕ್ರಿಸ್ಟೋಫರ್ ಕೊಯೆಲೊ ಅವರು ಅದರ ಚಿತ್ರಕಥೆಯಲ್ಲಿ ಕೈಜೋಡಿಸಿದ್ದರು. ಅಪ್ಪ ಇವತ್ತಿಗೂ ಹೇಳುತ್ತಾರೆ: ಊರ ಬಯಲಲ್ಲಿ ಬಿಳಿ ಬಟ್ಟೆ ಕಟ್ಟಿ ಆ ಸಿನಿಮಾ ಹಾಕಿದ ರಾತ್ರಿ, ಶಿಲುಬೆಗೆ ಮೊಳೆ ಹೊಡೆಯುವಾಗ ಕ್ರೈಸ್ತರಲ್ಲದ ಹೆಂಗಸರೂ ಸೆರಗಿನಿಂದ ಕಣ್ಣೊರೆಸಿಕೊಂಡರಂತೆ. ಅಂದು ಆ ಬಟ್ಟೆಯ ಮೇಲೆ ನೋಡಿದ್ದು ಪುಣ್ಯ, ಇಂದು ಫೋನಿನಲ್ಲಿ ನೋಡುವುದು ಪಾಪ ಎನ್ನಲು ಬರುವುದಿಲ್ಲ.

ಆದ್ದರಿಂದ ನನ್ನ ಉತ್ತರ: ನೋಡಬಹುದು. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಆ ಹುಡುಗನ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಎಚ್ಚರ ಇರಬೇಕಾದ ಮೂರು ಕಡೆ

ಒಂದು, ಕಥೆಗಾರರು ಸೇರಿಸಿದ್ದು ಶುಭಸಂದೇಶವೇ ಆಗಿಬಿಡುವುದು. ಧಾರಾವಾಹಿಯವರು ಇದನ್ನು ಮುಚ್ಚಿಟ್ಟಿಲ್ಲ. ಮೊದಲ ಕಂತಿನ ಆರಂಭದಲ್ಲೇ, ಕೆಲವು ಪಾತ್ರಗಳನ್ನೂ ಮಾತುಗಳನ್ನೂ ನಾವು ಸೇರಿಸಿದ್ದೇವೆ, ಶುಭಸಂದೇಶ ಓದಿ ಎಂದು ಬರೆದು ತೋರಿಸುತ್ತಾರೆ. ಆದರೆ ಆ ಸಾಲುಗಳನ್ನು ಓದುವವರು ಯಾರು? ಮತ್ತಾಯನನ್ನು ಯೇಸು ಕರೆದದ್ದು ಶುಭಸಂದೇಶದಲ್ಲಿ ಒಂದೇ ವಾಕ್ಯ (ಮತ್ತಾಯ 9:9). ಧಾರಾವಾಹಿಯಲ್ಲಿ ಅವನ ಮನೆ, ಅಪ್ಪ, ಅಮ್ಮ, ಅವನ ವಿಚಿತ್ರ ಸ್ವಭಾವ ಎಲ್ಲ ಸೇರಿ ಕಂತುಗಟ್ಟಲೆ ಇದೆ. ಪೇತ್ರನಿಗೆ ಅತ್ತೆ ಇದ್ದರು ಎಂದು ಮಾರ್ಕ ಬರೆದಿದ್ದಾನೆ, ಹಾಗಾದರೆ ಹೆಂಡತಿಯೂ ಇದ್ದಿರಬೇಕು. ಅಷ್ಟು ಸರಿ. ಆಕೆಯ ಹೆಸರು ಈಡನ್ ಎಂದದ್ದು ಧಾರಾವಾಹಿಯವರು.

ಎರಡು, ಧರ್ಮಸಭೆಯ ಬೋಧನೆಗೆ ತಾಗುವ ವಿಷಯಗಳು. ಧಾರಾವಾಹಿ ಶುರುವಾಗುವ ಮೊದಲು, 2017ರಲ್ಲಿ, ಇದೇ ಜೆಂಕಿನ್ಸ್ ಮಾಡಿದ ಕ್ರಿಸ್ಮಸ್ ಕಿರುಚಿತ್ರದಲ್ಲಿ ಮಾತೆ ಮರಿಯಮ್ಮನವರು ಎಲ್ಲ ತಾಯಂದಿರಂತೆ ಹೆರಿಗೆ ನೋವು ತಿನ್ನುವುದನ್ನು ತೋರಿಸಿದ್ದಾರೆ. ನೋಡಿದರೆ ಮನ ಕರಗುತ್ತದೆ ನಿಜ. ಆದರೆ ಮರಿಯಮ್ಮನವರು ಹೆರಿಗೆಯಲ್ಲೂ ಕನ್ಯೆಯಾಗಿಯೇ ಉಳಿದರು ಎಂಬುದು ನಮ್ಮ ಧರ್ಮಸಭೆಯ ವಿಶ್ವಾಸ. ಟ್ರೆಂಟ್ ಮಹಾಸಭೆಯ ನಂತರ 1566ರಲ್ಲಿ ಬಂದ ಧರ್ಮೋಪದೇಶವು ಆ ಜನನ ನೋವಿಲ್ಲದೆ ಆಯಿತು ಎಂದು ಕಲಿಸುತ್ತದೆ. ಬೇರೆ ಪಂಗಡದವರು ಇದನ್ನು ನಂಬುವುದಿಲ್ಲ, ಅವರು ನಂಬಿದ್ದನ್ನು ತೋರಿಸಿದ್ದಾರೆ. ಅವರ ಮೇಲೆ ಸಿಟ್ಟಾಗುವ ಅಗತ್ಯವಿಲ್ಲ. ನಮ್ಮ ಮಕ್ಕಳಿಗೆ ನಾವು ಹೇಳಿಕೊಟ್ಟಿದ್ದೇವೆಯೇ ಎಂದು ಕೇಳಿಕೊಳ್ಳಬೇಕು.

ಮೂರು, ಭಾನುವಾರ. ಕೊರೊನಾ ಕಾಲದಲ್ಲಿ ಬಲಿಪೂಜೆಯನ್ನು ಫೋನಿನಲ್ಲಿ ನೋಡುವ ಅಭ್ಯಾಸವಾಯಿತು. ಕೆಲವರಿಗೆ ಅದು ಇನ್ನೂ ಬಿಟ್ಟಿಲ್ಲ. "ಈ ವಾರ ಗುಡಿಗೆ ಬರಲಿಲ್ಲ ಅಣ್ಣಾ, ಆದ್ರ ಎರಡು ಎಪಿಸೋಡ್ ನೋಡಿದೆ" ಎಂದು ನನಗೆ ಹೇಳಿದವರಿದ್ದಾರೆ. ತಮಾಷೆಗಲ್ಲ, ನಿಜವಾಗಿಯೇ. ಜೋಳದ ರೊಟ್ಟಿಯ ಚಿತ್ರ ನೋಡಿದರೆ ಹೊಟ್ಟೆ ತುಂಬುತ್ತದೆಯೇ? ಯೇಸುವಿನ ಪಾತ್ರ ಮಾಡುವ ರೂಮಿ ಅವರೇ 2024ರ ಜುಲೈನಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ನಡೆದ ರಾಷ್ಟ್ರೀಯ ಪರಮಪ್ರಸಾದ ಸಮ್ಮೇಳನಕ್ಕೆ ಹೋಗಿ ಮಾತನಾಡಿದರು. ಪಾತ್ರಧಾರಿ ಪರಮಪ್ರಸಾದದ ಕಡೆಗೆ ಹೋಗುತ್ತಿದ್ದಾರೆ. ನಾವು ಪರಮಪ್ರಸಾದ ಬಿಟ್ಟು ಪಾತ್ರಧಾರಿಯ ಕಡೆಗೆ ಹೋಗುವುದು ಯಾವ ನ್ಯಾಯ?

ನಮ್ಮ ಮನೆಯ ಪಟ

ಇಷ್ಟು ಹೊತ್ತು ಬೇರೆಯವರ ಮಾತು ಆಯಿತು. ಈಗ ನಮ್ಮ ಮನೆಯ ಮಾತು.

ನಮ್ಮ ಪ್ರಾರ್ಥನೆಯ ಗೂಡಿನಲ್ಲಿ ಯೇಸುವಿನ ಪವಿತ್ರ ಹೃದಯದ ಹಳೆಯ ಪಟವಿದೆ. ಈಸ್ಟರ್ ಮುಗಿದ ಮೇಲೆ ಒಂದು ಸಂಜೆ ನೋಡುತ್ತೇನೆ, ಅದರ ಪಕ್ಕದಲ್ಲಿ ಇನ್ನೊಂದು ಪಟ. ನನ್ನ ತಮ್ಮ ಜೊನಾಥನ್ ರೂಮಿಯವರ ಫೋಟೊ ಕಲರ್ ಪ್ರಿಂಟ್ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ ಅಜ್ಜಿಗೆ ತಂದುಕೊಟ್ಟಿದ್ದ. ಅಜ್ಜಿ ಅದರ ಮುಂದೆ ಮೇಣದಬತ್ತಿ ಹಚ್ಚಿ ಜಪಸರ ಹೇಳುತ್ತಿದ್ದಳು.

ನಾನು ಸುಮ್ಮನಿರಲಿಲ್ಲ. "ಅವ್ವಾ, ಅವರು ನಟ. ಅಮೆರಿಕದಾಗ ಅದಾರ. ದೇವರಲ್ಲ" ಎಂದೆ. ಉದಾಹರಣೆಯನ್ನೂ ಕೊಟ್ಟೆ. ಕರುಣಾಮಯುಡು ಸಿನಿಮಾದಲ್ಲಿ ಯೇಸು ಆಗಿದ್ದ ವಿಜಯಚಂದರ್ ಅವರೇ 1986ರಲ್ಲಿ ಶಿರಡಿ ಸಾಯಿಬಾಬಾ ಆಗಿಯೂ ನಟಿಸಿದರು. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ಜನ ಟಿವಿಗೇ ಹಾರ ಹಾಕಿ ಊದುಬತ್ತಿ ಹಚ್ಚಿದರು, ರಾಮನ ಪಾತ್ರದ ಅರುಣ್ ಗೋವಿಲ್ ಅವರ ಕಾಲಿಗೆ ಬಿದ್ದರು. ಭಕ್ತಿ ದೊಡ್ಡದೇ, ಆದರೆ ಮುಖ ಬಣ್ಣ ಹಚ್ಚಿಕೊಂಡವರದು ಎಂದೆಲ್ಲ ವಿವರಿಸಿದೆ.

ಅಜ್ಜಿ ಪೂರ್ತಿ ಕೇಳಿದಳು. ಆಮೇಲೆ ಸಿಟ್ಟಿಲ್ಲದೆ ಹೇಳಿದಳು: "ನನಗ ಓದಾಕ ಬರಲ್ಲ. ಓದಿದ ನೀವು ಓದಿ ಹೇಳಲ್ಲ. ಈ ಫೋನರ ಹೇಳ್ತದ, ಬಿಡು ತಮ್ಮಾ."

ನನ್ನ ಬಾಯಿ ಕಟ್ಟಿತು.

ಅಜ್ಜಿ ಶಾಲೆಯ ಮುಖ ಕಂಡವಳಲ್ಲ. ಮನೆಯಲ್ಲಿ ನಮ್ಮದು ಕನ್ನಡ. 1956ರಲ್ಲಿ ರಾಜ್ಯಗಳನ್ನು ಭಾಷೆ ನೋಡಿ ಹಂಚಿದಾಗ ನಮ್ಮ ಊರು ಈ ಕಡೆಗೆ ಉಳಿಯಿತು, ರಾಯಚೂರು ಆ ಕಡೆಗೆ ಹೋಯಿತು. ನಮ್ಮ ಶಾಲೆ ತೆಲುಗು, ಬಲಿಪೂಜೆ ತೆಲುಗು, ಪ್ರಸಂಗ ತೆಲುಗು. ಸಂತೆಯ ತೆಲುಗು ಅಜ್ಜಿಗೆ ಬರುತ್ತದೆ. ಗುಡಿಯಲ್ಲಿ ಓದುವ ಶ್ರೀಗ್ರಂಥದ ತೆಲುಗು ಅರ್ಧ ತಲೆಯ ಮೇಲೆ ಹೋಗುತ್ತದೆ. ಎಪ್ಪತ್ತು ವರ್ಷ ತಪ್ಪದೆ ಬಲಿಪೂಜೆಗೆ ಬಂದವಳು ಮೊದಲ ಸಲ ನಿಕೊದೇಮನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಅರ್ಥ ಮಾಡಿಕೊಂಡದ್ದು ಫೋನಿನಲ್ಲಿ. ಅಲ್ಲಿ ಮಾತು ತಿಳಿಯದಿದ್ದರೂ ಮುಖ ನೋಡಿದರೆ ತಿಳಿಯುತ್ತದಲ್ಲ. ಮನೆಯಲ್ಲಿ ಕನ್ನಡದ ಶ್ರೀಗ್ರಂಥವಿದೆ, ರಾಯಚೂರಿನಿಂದ ತರಿಸಿದ್ದು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಪೂಜ್ಯವಾಗಿ, ಕಪಾಟಿನ ಮೇಲೆ ಇಟ್ಟಿದ್ದೆವು.

ಸುಮಾರು 600ನೇ ಇಸವಿಯಲ್ಲಿ ನಡೆದ ಒಂದು ಸಂಗತಿ ಇಲ್ಲಿ ಹೇಳಬೇಕು. ಫ್ರಾನ್ಸಿನ ಮಾರ್ಸೇಯ್‌ನ ಧರ್ಮಾಧ್ಯಕ್ಷ ಸೆರೆನುಸ್ ಎಂಬುವರು, ಜನ ಚಿತ್ರಗಳನ್ನು ಆರಾಧಿಸುತ್ತಾರೆಂದು ಗುಡಿಯ ಚಿತ್ರಗಳನ್ನೆಲ್ಲ ಒಡೆಸಿಹಾಕಿದರು. ಪೋಪ್ ಮಹಾ ಗ್ರೆಗೊರಿಯವರು ಅವರಿಗೆ ಪತ್ರ ಬರೆದರು. ಆರಾಧಿಸಬೇಡಿ ಎಂದು ಜನರಿಗೆ ಹೇಳಿದ್ದು ಸರಿ, ಒಡೆದದ್ದು ತಪ್ಪು. ಓದು ಬಲ್ಲವರಿಗೆ ಪುಸ್ತಕ ಹೇಗೋ ಓದು ಬಾರದವರಿಗೆ ಚಿತ್ರ ಹಾಗೆ ಎಂಬುದು ಆ ಪತ್ರದ ಸಾರ. ಒಡೆಯುವ ಬದಲು ಜನರನ್ನು ಕರೆದು ಕೂರಿಸಿ ತಿಳಿಸಿ ಹೇಳಿ ಎಂದೂ ಅವರು ಸೂಚಿಸಿದರು.

ನಾನು ಸೆರೆನುಸ್ ಆಗಿದ್ದೆ. ಪಟ ತೆಗೆಸಲು ಹೋಗಿದ್ದೆ, ಕೂತು ಹೇಳಲು ಹೋಗಿರಲಿಲ್ಲ.

ಇದೇ ನನ್ನ ಮಾತಿನ ತಿರುಳು ಗೆಳೆಯರೇ. ಈ ಧಾರಾವಾಹಿಗಳು ಅಪಾಯವಾಗುವುದು ಶುಭಸಂದೇಶವನ್ನು ಯಾರೂ ಓದದ ಮನೆಯಲ್ಲಿ. ಓದುವ ಮನೆಯಲ್ಲಿ ಅವು ಒಳ್ಳೆಯ ನೆರವು. ಹಾಗಾಗಿ ಪ್ರಶ್ನೆ ಇರುವುದು ಧಾರಾವಾಹಿ ಮಾಡಿದವರಿಗಲ್ಲ, ಓದು ಕಲಿತ ನಮಗೆ. ಎರಡನೇ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಸಂಪರ್ಕ ಮಾಧ್ಯಮಗಳ ಬಗ್ಗೆ ಹೊರಡಿಸಿದ ಆದೇಶಪತ್ರದಲ್ಲೂ ನೋಡುವವರ ಹೊಣೆಯನ್ನು, ತಂದೆತಾಯಿಯರ ಹೊಣೆಯನ್ನು ಬೇರೆಯಾಗಿಯೇ ಎತ್ತಿ ಹೇಳಿದೆ.

ನಾವು ಮಾಡಿ ನೋಡಿದ್ದು

ಯುವಕರ ಕೂಟದಲ್ಲಿ ಒಂದು ಸಣ್ಣ ಪ್ರಯತ್ನ ಮಾಡಿದೆವು. ಬಿಎಸ್ಸಿ ಲ್ಯಾಬ್‌ನಲ್ಲಿ ನಮಗೆ ಮೊದಲು ಕಲಿಸುವುದು, ಕಣ್ಣಿಗೆ ಕಂಡದ್ದನ್ನು ಒಂದು ಕಡೆ ಬರಿ, ನೀನು ಊಹಿಸಿದ್ದನ್ನು ಇನ್ನೊಂದು ಕಡೆ ಬರಿ, ಎರಡನ್ನೂ ಬೆರೆಸಬೇಡ ಅಂತ. ಅದೇ ರೀತಿ ಬೋರ್ಡಿನ ಮೇಲೆ ಮೂರು ಅಂಕಣ ಎಳೆದೆವು: ಶುಭಸಂದೇಶದಲ್ಲಿ ಇದೆ, ಧರ್ಮಸಭೆಯ ಪರಂಪರೆಯಲ್ಲಿ ಇದೆ, ಕಥೆಗಾರರು ಸೇರಿಸಿದ್ದಾರೆ. ಒಂದು ಕಂತು ನೋಡುವುದು, ಆಮೇಲೆ ಶ್ರೀಗ್ರಂಥ ತೆಗೆದು ಅಂಕಣ ತುಂಬುವುದು.

ಮೊದಲು ತೆಗೆದುಕೊಂಡದ್ದು ನಿಕೊದೇಮನನ್ನು. ರಾತ್ರಿ ಹೊತ್ತು ಯೇಸುವನ್ನು ನೋಡಲು ಬಂದ: ಶುಭಸಂದೇಶದಲ್ಲಿ ಇದೆ, ಯೊವಾನ್ನ ಮೂರನೆಯ ಅಧ್ಯಾಯ. ಮಾಳಿಗೆಯ ಮೇಲೆ ಕೂತು ಮಾತಾಡಿದರು: ಕಥೆಗಾರರು ಸೇರಿಸಿದ್ದು. ಯೇಸು ಹೊರಡುವ ಹೊತ್ತಿಗೆ ಅವನು ಮರೆಯಲ್ಲಿ ನಿಂತು ಅತ್ತ, ಜೊತೆಗೆ ಹೋಗುವ ಧೈರ್ಯ ಬರಲಿಲ್ಲ: ಇದೂ ಸೇರಿಸಿದ್ದು. ಇಲ್ಲಿಗೆ ಬಂದಾಗ ಒಬ್ಬ ಹುಡುಗಿ ಯೊವಾನ್ನನ ಪುಟ ತಿರುವುತ್ತಾ ಹೋಗಿ ನಿಂತಳು. "ಅಣ್ಣಾ, ಇಲ್ಲಿ ಮತ್ತ ಬಂದಾನ!" ಏಳನೆಯ ಅಧ್ಯಾಯದಲ್ಲಿ ಅವನು ಫರಿಸಾಯರ ನಡುವೆಯೇ ಯೇಸುವಿನ ಪರ ಒಂದು ಮಾತು ಆಡುತ್ತಾನೆ. ಹತ್ತೊಂಬತ್ತನೆಯ ಅಧ್ಯಾಯದಲ್ಲಿ, ಶಿಷ್ಯರು ಚದುರಿಹೋಗಿರುವ ಹೊತ್ತಿನಲ್ಲಿ, ಯೇಸುವಿನ ದೇಹಕ್ಕೆ ಹಚ್ಚಲು ಸುಗಂಧದ್ರವ್ಯ ಹೊತ್ತು ತರುತ್ತಾನೆ. ಇಂದಿನ ಲೆಕ್ಕದಲ್ಲಿ 30 ಕಿಲೋಗೂ ಮೇಲೆ! ಧಾರಾವಾಹಿಯ ಆ ಅಳುವ ನಿಕೊದೇಮನನ್ನು ಕಂಡು ಮರುಗಿದ್ದ ಮಕ್ಕಳಿಗೆ, ಅವನು ಕೊನೆಗೂ ಬಂದ ಎಂಬುದು ಶುಭಸಂದೇಶ ತೆರೆದಾಗ ಸಿಕ್ಕಿತು. ಧಾರಾವಾಹಿ ನೋಡದೇ ಇದ್ದಿದ್ದರೆ ಅವರು ಆ ಪುಟ ತಿರುವುತ್ತಿರಲಿಲ್ಲ ಎಂಬುದನ್ನೂ ನಾನು ಒಪ್ಪಿಕೊಳ್ಳಬೇಕು.

ಮನೆಯಲ್ಲಿ ಈಗ ರಾತ್ರಿ ಊಟಕ್ಕೆ ಮೊದಲು ಹತ್ತು ನಿಮಿಷ ಅಜ್ಜಿಗೆ ಕನ್ನಡದಲ್ಲಿ ಓದುತ್ತೇನೆ. ಎಲ್ಲ ದಿನ ಆಗುವುದಿಲ್ಲ, ಸುಳ್ಳು ಹೇಳುವುದಿಲ್ಲ. ವಾರಕ್ಕೆ ನಾಲ್ಕು ದಿನ ಆದರೆ ಹೆಚ್ಚು. ನಮ್ಮಲ್ಲಿ ಕೆಲವರಿಗೆ ಕನ್ನಡ ಅಕ್ಷರ ಬರುವುದಿಲ್ಲ. ಅವರು ತೆಲುಗಿನಲ್ಲಿ ಓದಿಕೊಂಡು ಮನೆಯ ಕನ್ನಡದಲ್ಲಿ ಹೇಳಬಹುದು. ಮಾರ್ಕನಿಂದ ಶುರು ಮಾಡಿ, ಚಿಕ್ಕದಿದೆ, ಬರೀ 16 ಅಧ್ಯಾಯ.

ಪಟದ ಗತಿ ಏನಾಯಿತು ಎನ್ನುತ್ತೀರಾ? ನಾನು ತೆಗೆಯಲಿಲ್ಲ. ಒಂದು ತಿಂಗಳ ನಂತರ ಅಜ್ಜಿಯೇ ಅದನ್ನು ಗೂಡಿನಿಂದ ತೆಗೆದು ಟಿವಿ ಪಕ್ಕದ ಗೋಡೆಗೆ ಹಾಕಿಸಿದಳು. ಕೇಳಿದರೆ, "ಆ ಹುಡುಗ ಚಂದ ಮಾಡ್ಯಾನ, ಅಲ್ಲೇ ಇರಲಿ" ಎಂದಳು.

ಆ ಹುಡುಗನಿಗೆ ಕೊಟ್ಟ ಉತ್ತರ

ಮುಂದಿನ ಭಾನುವಾರ ತರಗತಿಗೆ ಹೋದೆ. ರಾಮಾ ಶ್ರೀಗ್ರಂಥದಲ್ಲಿ ಇಲ್ಲ, ಕಥೆಗಾರರು ಕಟ್ಟಿದ ಪಾತ್ರ ಎಂದು ಹೇಳಿ ಮುಗಿಸುವ ಎಂದುಕೊಂಡಿದ್ದೆ. ಹೇಳಿದೆ ಕೂಡ. ಆದರೆ ಹುಡುಗನ ಮುಖ ನೋಡಿದರೆ ಅವನಿಗೆ ಉತ್ತರ ಸಿಕ್ಕಂತೆ ಕಾಣಲಿಲ್ಲ. ಆಗ ನೆನಪಾಯಿತು, ಹಿಂದಿನ ವರ್ಷ ಅವನ ಮನೆಯಲ್ಲಿ ಸಾವಾಗಿತ್ತು. ಚಿಕ್ಕ ವಯಸ್ಸಿನ ಸಾವು. ಅವನು ರಾಮಾಳ ಬಗ್ಗೆ ಕೇಳುತ್ತಲೇ ಇರಲಿಲ್ಲ.

ಆ ಮೇಲೆ ಪಾಠ ಪಕ್ಕಕ್ಕಿಟ್ಟು ಅವನ ಪಕ್ಕ ಕೂತೆ. ಶುಭಸಂದೇಶಗಳಲ್ಲಿ ಯೇಸು ಸಾವಿನಿಂದ ಎಬ್ಬಿಸಿದ್ದು ಮೂವರನ್ನು ಎಂದು ಬರೆದಿದೆ: ಯಾಯೀರನ ಮಗಳು, ನಾಯಿನ್ ಊರಿನ ವಿಧವೆಯ ಮಗ, ಲಾಸರ. ಆ ಕಾಲದಲ್ಲಿ ಸತ್ತವರು ಎಷ್ಟೋ ಜನ. ಎಬ್ಬಿಸಿದ ಆ ಮೂವರೂ ಮುಂದೆ ಒಂದು ದಿನ ಮತ್ತೆ ಸತ್ತರು. ಯಾರನ್ನು ಯಾಕೆ ಎಬ್ಬಿಸಲಿಲ್ಲ ಎಂಬುದು ನನಗೆ ಗೊತ್ತಿಲ್ಲ ಎಂದೆ. ಗೊತ್ತಿರುವುದು ಇಷ್ಟು: ಇನ್ನು ಕೆಲವೇ ನಿಮಿಷದಲ್ಲಿ ತಾವೇ ಎಬ್ಬಿಸಲಿದ್ದ ಲಾಸರನ ಸಮಾಧಿಯ ಬಳಿಯಲ್ಲೂ ಯೇಸು ಅತ್ತರು. ಮತ್ತೆ ಸಾಯದ ಜೀವಕ್ಕೆ ತಾವೇ ಮೊದಲು ಎದ್ದುಬಂದರು. ನಾವು ಈಸ್ಟರ್ ಹಬ್ಬ ಮಾಡುವುದು ಅದಕ್ಕೇ.

ಅವನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಅದು ಎಲ್ಲಿ ಬರದಾದ ಅಣ್ಣಾ?" ಎಂದು ಕೇಳಿದ. ಯೊವಾನ್ನ ಹನ್ನೊಂದು ಎಂದು ತೆಗೆದುಕೊಟ್ಟೆ. ಹಿಂದಿನ ಬೆಂಚಿಗೆ ಹೋಗಿ ಒಬ್ಬನೇ ಓದುತ್ತಾ ಕೂತ.

ಆ ಪ್ರಶ್ನೆಯನ್ನು ಅವನ ಬಾಯಿಗೆ ತಂದದ್ದು ಧಾರಾವಾಹಿ, ಅದಕ್ಕೆ ನನ್ನ ಕೃತಜ್ಞತೆ. ಉತ್ತರ ಹುಡುಕುವಾಗ ಪಕ್ಕದಲ್ಲಿ ಕೂರುವ ಕೆಲಸ ಮಾತ್ರ ಅಣ್ಣ, ಅಕ್ಕ, ಅಪ್ಪ, ಅವ್ವ ಮಾಡಬೇಕಾದದ್ದು.

ಈ ಶನಿವಾರ ಸಂಜೆ ಯುವಕರ ಕೂಟದಲ್ಲಿ ಮಗ್ದಲದ ಮರಿಯಳ ಕಂತು ನೋಡುತ್ತೇವೆ. ಬರುವಾಗ ಶ್ರೀಗ್ರಂಥ ತನ್ನಿ, ತೆಲುಗಿನದಾದರೂ ಸರಿ, ಕನ್ನಡದ್ದಾದರೂ ಸರಿ. ಸಾಧ್ಯವಾದರೆ ಮನೆಯ ಅಜ್ಜಿ ತಾತಂದಿರನ್ನೂ ಕರೆದುಕೊಂಡು ಬನ್ನಿ. ಅವರಿಗೆ ಕುರ್ಚಿ ಹಾಕಿರುತ್ತೇವೆ.

ಯೇಸುವಿನಲ್ಲಿ ನಿಮ್ಮ ಸಹೋದರ,
ಯುವ ಮುಖಂಡ